ಉಪವಾಸದ ದಿನ ಉಳಿದ ಅನ್ನ

ಉಪವಾಸವಿದ್ದವನ ಮನೆಯಲ್ಲಿ ಆ ದಿನ ಉಳಿದ ಅನ್ನ ಯಾರಿಗೆ ಸಲ್ಲತಕ್ಕದ್ದು ಎಂಬ ಪ್ರಶ್ನೆಯನ್ನು ಕ್ರೈಸ್ತರು ತಮ್ಮ ಮತದ ಶೈಶವದಲ್ಲಿಯೇ ಎತ್ತಿಕೊಂಡಿದ್ದರು. ಎರಡನೆಯ ಶತಮಾನದ ರೋಮಾಪುರಿಯಲ್ಲಿ ಹರ್ಮಾಸನೆಂಬವನು ಬರೆದ ‘ಕುರಿಗಾಹಿ’ ಎಂಬ ಗ್ರಂಥದಲ್ಲಿ ಕುರುಬನ ವೇಷದ ದೇವದೂತನೊಬ್ಬನು ಈ ಪ್ರಶ್ನೆಗೆ ವರ್ತಕನೂ ಒಪ್ಪುವಂಥ ಲೆಕ್ಕದ ಉತ್ತರವನ್ನು ಕೊಡುತ್ತಾನೆ: ವ್ರತದ ದಿನ ರೊಟ್ಟಿ ನೀರುಗಳ ಹೊರತು ಬೇರೇನನ್ನೂ ಮುಟ್ಟದಿರುವುದು, ಉಣ್ಣಬೇಕಾಗಿದ್ದ ಊಟಕ್ಕೆ ತಗಲುತ್ತಿದ್ದ ವೆಚ್ಚವನ್ನು ಎಣಿಸಿ ಬೇರೆ ತೆಗೆದಿರಿಸುವುದು, ಅದನ್ನು ವಿಧವೆಗೋ ಅನಾಥನಿಗೋ ಇಲ್ಲದವನಿಗೋ ಒಪ್ಪಿಸುವುದು. ಅದೇ ಶತಮಾನದಲ್ಲಿ ಅಥೆನ್ಸಿನ ತತ್ತ್ವಜ್ಞಾನಿ ಅರಿಸ್ತಿದೆಸನು ರೋಮನ್ ಚಕ್ರವರ್ತಿಗೆ ತನ್ನ ಮತದವರ ಪರವಾಗಿ ಬರೆದ ಬಿನ್ನಹದಲ್ಲಿ, ಇವರ ನಡುವೆ ಒಬ್ಬ ಬಡವನಿದ್ದು ಅವನಿಗೆ ಕೊಡುವಷ್ಟು ಮಿಗುತಾಯ ಇವರಲ್ಲಿ ಇಲ್ಲದೆ ಹೋದರೆ, ಎರಡು ಮೂರು ದಿನ ತಾವು ಉಪವಾಸವಿದ್ದು ಆ ಪಾಲನ್ನು ಅವನಿಗೆ ಒದಗಿಸುತ್ತಾರೆಂದು ಹೇಳಿಕೊಂಡಿದ್ದಾನೆ. ಈ ಎರಡು ಮಾತುಗಳಲ್ಲಿಯೂ ಉಪವಾಸದ ಪ್ರಯೋಜನವಿರುವುದು ಉಪವಾಸಿಯ ಮನೆಯ ಹೊಸ್ತಿಲಿನಿಂದ ಆಚೆಗೆ. ಕ್ರೈಸ್ತರ ಉಪವಾಸದ ಋತುವಾದ ತಪಸ್ಸುಕಾಲದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಏನನ್ನು ತಿನ್ನಬಾರದು, ಎಷ್ಟು ಹೊತ್ತಿಗೆ ತಿನ್ನಬಹುದು ಎಂಬ ನಿಯಮಗಳ ಚರಿತ್ರೆಯನ್ನೇ ಬರೆದಿದ್ದಾರೆ. ಉಳಿದ ಅನ್ನ ಎಲ್ಲಿಗೆ ಹೋಯಿತೆಂಬುದನ್ನು ಹಿಂಬಾಲಿಸಿ ಹೊರಟವನಿಗೆ ದೊರೆಯುವ ಚರಿತ್ರೆ ಬೇರೆಯದು, ಮತ್ತು ನನ್ನ ಎಣಿಕೆಯಲ್ಲಿ ಹೆಚ್ಚು ಬೆಲೆಯುಳ್ಳದ್ದು.

ನಮ್ಮ ಕನ್ನಡ ಕ್ರೈಸ್ತರು ತಪಸ್ಸುಕಾಲವೆಂದೂ ಶ್ರಮದ ದಿನಗಳೆಂದೂ ಕರೆಯುವ, ಪಶ್ಚಿಮದ ಸಂಪ್ರದಾಯದಲ್ಲಿ ಬೂದಿ ಬುಧವಾರದಿಂದ ಮೊದಲ್ಗೊಂಡು ಪುನರುತ್ಥಾನದ ಹಬ್ಬದವರೆಗೆ ನಡೆಯುವ ಈ ನಲವತ್ತು ದಿನಗಳ ವ್ರತವು ಒಮ್ಮೆಗೇ ಹುಟ್ಟಿದುದಲ್ಲ. ಎರಡನೆಯ ಶತಮಾನದ ಅಂತ್ಯದಲ್ಲಿ ಧರ್ಮಾಧ್ಯಕ್ಷ ಇರೆನೇಯಸನು ಬರೆದ ಪತ್ರವೊಂದರಿಂದ, ಹಬ್ಬಕ್ಕೆ ಮುನ್ನ ಕೆಲವರು ಒಂದು ದಿನ, ಕೆಲವರು ಎರಡು ದಿನ, ಇನ್ನು ಕೆಲವರು ಎಡೆಬಿಡದೆ ನಲವತ್ತು ಗಂಟೆ ಉಪವಾಸವಿರುತ್ತಿದ್ದರೆಂದು ತಿಳಿದುಬರುತ್ತದೆ. 325ರಲ್ಲಿ ನೈಸಿಯದಲ್ಲಿ ಕೂಡಿದ ಮಹಾಸಭೆಯ ಐದನೆಯ ವಿಧಿಯಲ್ಲಿ ನಲವತ್ತು ದಿನಗಳ ಕಾಲದ ಪ್ರಸ್ತಾಪ, ಎಲ್ಲರಿಗೂ ಗೊತ್ತಿರುವ ಸಂಗತಿಯೆಂಬಂತೆ, ಬಂದುಹೋಗುತ್ತದೆ. ಹಬ್ಬದ ಹಿಂದಿನ ರಾತ್ರಿ ದೀಕ್ಷಾಸ್ನಾನ ಪಡೆಯಲಿರುವವರ ಸಿದ್ಧತೆಯೂ ಈ ದಿನಗಳಲ್ಲಿಯೇ ನಡೆಯುತ್ತಿತ್ತು. ಆದರೆ ಆಚರಣೆಯಲ್ಲಿ ಏಕರೂಪತೆ ಬಹುಕಾಲ ಬರಲಿಲ್ಲ. ಐದನೆಯ ಶತಮಾನದ ಇತಿಹಾಸಕಾರ ಸೊಕ್ರತೆಸನು, ಪ್ರಾಣವುಳ್ಳ ಯಾವುದನ್ನೂ ತಿನ್ನದವರು, ಮೀನನ್ನು ಮಾತ್ರ ತಿನ್ನುವವರು, ಹಕ್ಕಿಗಳೂ ನೀರಿನಿಂದಲೇ ಹುಟ್ಟಿದವೆಂದು ಧರ್ಮಗ್ರಂಥದ ಆಧಾರ ತೋರಿಸಿ ಕೋಳಿಯನ್ನೂ ಬಿಡದವರು, ಮೊಟ್ಟೆ ಹಣ್ಣುಗಳನ್ನೂ ತೊರೆದವರು, ಒಣರೊಟ್ಟಿಯವರು, ಅದೂ ಇಲ್ಲದವರು ಎಂದು ಒಂದು ದೊಡ್ಡ ಪಟ್ಟಿಯನ್ನೇ ಕೊಟ್ಟಿದ್ದಾನೆ. ಏಕಾದಶಿಯ ದಿನ ಅನ್ನವೊಂದನ್ನು ಬಿಟ್ಟು ಉಪ್ಪಿಟ್ಟು ಅವಲಕ್ಕಿ ಹಣ್ಣು ಹಾಲುಗಳಿಂದ ಎರಡು ಊಟದ ಹೊಟ್ಟೆ ತುಂಬಿಸಿಕೊಳ್ಳುವ ಜಾಣತನವನ್ನು ಬಲ್ಲ ನಮಗೆ ಆ ಕೋಳಿಯ ವಾದ ಅಪರಿಚಿತವೆಂದೇನೂ ತೋರುವುದಿಲ್ಲ.

ಈ ವ್ರತವು ತಿನ್ನುವ ಬಿಡುವ ಪ್ರಶ್ನೆಯನ್ನು ದಾಟಿ ಒಂದು ಇಡಿಯ ನಗರದ ನಿತ್ಯಜೀವನದ ಪರೀಕ್ಷೆಯಾಗಿ ಪರಿಣಮಿಸಿದ ಪ್ರಸಂಗವೊಂದನ್ನು ತೆಗೆದುಕೊಳ್ಳಬೇಕೆಂದರೆ, 387ನೆಯ ವರ್ಷದ ಅಂತಿಯೋಕ್ಯಕ್ಕೇ ಹೋಗಬೇಕು. ಇಂದು ತುರ್ಕಿ ದೇಶದಲ್ಲಿ ಅಂತಾಕ್ಯವೆಂಬ ಹೆಸರಿನಿಂದಿರುವ ಆ ಪಟ್ಟಣ ಅಂದು ರೋಮನ್ ಸಾಮ್ರಾಜ್ಯದ ಪೂರ್ವಭಾಗದ ಮಹಾನಗರಗಳಲ್ಲೊಂದು. ಒರೊಂತೆಸ್ ನದಿಗೂ ಸಿಲ್ಪಿಯಸ್ ಬೆಟ್ಟಕ್ಕೂ ನಡುವೆ ಹರಡಿಕೊಂಡು, ಇಕ್ಕೆಲದಲ್ಲಿಯೂ ಕಂಬಸಾಲುಗಳಿದ್ದ ತನ್ನ ರಾಜಬೀದಿಗೂ, ರಾತ್ರಿಯನ್ನು ಹಗಲು ಮಾಡುವ ಬೀದಿದೀಪಗಳಿಗೂ ಹೆಸರಾಗಿತ್ತು. ಯೇಸುವಿನ ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊಟ್ಟಮೊದಲು ಬಂದುದು ಈ ಊರಿನಲ್ಲಿಯೇ ಎಂದು ಅಪೊಸ್ತಲರ ಕೃತ್ಯಗಳು ಹೇಳುತ್ತವೆ. ಅಲ್ಲಿಯ ಯಾಜಕ ಯೊಹಾನನು, ಮುಂದೆ ಲೋಕವು ಕ್ರಿಸೊಸ್ಟೊಮ್ ಅಂದರೆ ಹೊನ್ನಿನ ಬಾಯವನೆಂದು ಕರೆದವನು, ತನ್ನ ಉಪನ್ಯಾಸವೊಂದರಲ್ಲಿ ಊರಿನ ಹತ್ತರಲ್ಲೊಂದು ಪಾಲು ಜನ ಸಿರಿವಂತರು, ಹತ್ತರಲ್ಲೊಂದು ಪಾಲು ಏನೂ ಇಲ್ಲದವರು, ಉಳಿದವರು ನಡುವಿನವರು ಎಂದು ಲೆಕ್ಕ ಹಾಕಿದ್ದಾನೆ. ಅಲ್ಲಿಯ ಸಭೆಯು, ಮಹಾಶ್ರೀಮಂತನಲ್ಲದ ಒಬ್ಬ ಧನಿಕನ ಆದಾಯದಷ್ಟೇ ಆದಾಯದಿಂದ, ಪ್ರತಿದಿನವೂ 3,000 ವಿಧವೆಯರನ್ನೂ ಕನ್ಯಾವ್ರತದವರನ್ನೂ ಪೋಷಿಸುತ್ತಿತ್ತು, ಅದರ ಮೇಲೆ ಸೆರೆಯಾಳುಗಳು ಮತ್ತು ರೋಗಿಗಳು ಬೇರೆ. ಹೀಗಿರುವಾಗ ಹತ್ತು ಜನ ಉಳ್ಳವರು ಹೀಗೆಯೇ ಕೈಬಿಚ್ಚಿದರೆ ಊರಿನಲ್ಲಿ ಬಡವನೇ ಉಳಿಯನಲ್ಲ ಎಂಬುದು ಅವನ ವಾದ.

ಯೊಹಾನನು ಆ ಊರಿನಲ್ಲಿಯೇ ಹುಟ್ಟಿದವನು. ಎಳವೆಯಲ್ಲಿಯೇ ವಿಧವೆಯಾದ ಅಂಥೂಸಾ ಎಂಬ ತಾಯಿಯ ಆರೈಕೆಯಲ್ಲಿ ಬೆಳೆದು, ಪುರಾತನ ದೇವತೆಗಳ ಆರಾಧಕನೂ ಆ ಕಾಲದ ವಾಗ್ಮಿಶ್ರೇಷ್ಠನೂ ಆದ ಲಿಬಾನಿಯಸನಲ್ಲಿ ವಿದ್ಯೆ ಕಲಿತು, ಬಳಿಕ ಕೆಲವು ವರ್ಷ ಬೆಟ್ಟದಲ್ಲಿ ಉಗ್ರತಪಸ್ಸಿನಲ್ಲಿ ಕಳೆದು, ಅದರಿಂದ ಜಠರವನ್ನು ಶಾಶ್ವತವಾಗಿ ಕೆಡಿಸಿಕೊಂಡು ಊರಿಗೆ ಮರಳಿದವನು. ಉಪವಾಸದ ಮಹಿಮೆಯನ್ನು ಹಾಡುವವರಲ್ಲಿ ಬಹುಜನ ಅದನ್ನು ದೂರದಿಂದ ಕಂಡವರು. ಇವನಾದರೋ ಅದರ ಬೆಲೆಯನ್ನು ಜನ್ಮವಿಡೀ ತೆರುತ್ತಿದ್ದವನು, ಆದುದರಿಂದಲೇ ಇರಬೇಕು, ಅದರ ಮಿತಿಯನ್ನು ಚೆನ್ನಾಗಿ ಅರಿತಿದ್ದನು. 386ರಲ್ಲಿ ಅವನಿಗೆ ಯಾಜಕಾಭಿಷೇಕವಾಯಿತು. ಆ ವರ್ಷದ ತಪಸ್ಸುಕಾಲದಲ್ಲಿ ಆದಿಕಾಂಡವನ್ನು ವ್ಯಾಖ್ಯಾನಿಸುತ್ತಿದ್ದಾಗ ಸಂಜೆಯಾಗಿ, ದೀಪ ಹೊತ್ತಿಸುವ ಆಳು ಒಳಗೆ ಬಂದುದೇ ತಡ, ಸಭಿಕರ ಕಣ್ಣೆಲ್ಲ ಅವನ ಕಡೆಗೆ ತಿರುಗಿದುದನ್ನು ಕಂಡು ಉಪನ್ಯಾಸವನ್ನು ನಿಲ್ಲಿಸಿ ಗದರಿಸಿದನಂತೆ. ಇಂಥ ಸಭೆ ಅದು; ಮಹಾತ್ಮರದಲ್ಲ.

ಮುಂದಿನ ವರ್ಷ ತಪಸ್ಸುಕಾಲ ಇನ್ನೇನು ಆರಂಭವಾಗಬೇಕು, ಅಷ್ಟರಲ್ಲಿ ಥಿಯೊಡೋಸಿಯಸ್ ಚಕ್ರವರ್ತಿಯಿಂದ ಹೊಸ ತೆರಿಗೆಯ ಆಜ್ಞೆ ಬಂದಿತು. ಅದನ್ನು ಓದಿಸಿದ ಸಭೆಯಲ್ಲಿದ್ದ ಪ್ರಮುಖರು ಬಾಳುವೆಯೇ ಇನ್ನು ಸಾಧ್ಯವಿಲ್ಲವೆಂದು ಕಣ್ಣೀರು ಹಾಕಿದರು. ಜನರ ಗುಂಪೊಂದು ಧರ್ಮಾಧ್ಯಕ್ಷ ಫ್ಲಾವಿಯಾನನನ್ನು ಹುಡುಕಿಕೊಂಡು ಹೋಗಿ ಅವನು ಸಿಕ್ಕದಿರಲು, ಸ್ನಾನಗೃಹದ ದೀಪಗಳ ಹಗ್ಗಗಳನ್ನು ಕಡಿದು, ಹಲಗೆಯ ಮೇಲೆ ಚಿತ್ರಿಸಿದ್ದ ರಾಜಪ್ರತಿಮೆಗಳಿಗೆ ನಗುನಗುತ್ತ ಕಲ್ಲೆಸೆದು, ಕೊನೆಗೆ ಚಕ್ರವರ್ತಿಯ, ಮೃತಳಾಗಿದ್ದ ಅವನ ರಾಣಿ ಫ್ಲಾಕಿಲ್ಲಳ, ಮಕ್ಕಳ ಕಂಚಿನ ವಿಗ್ರಹಗಳಿಗೆ ಹಗ್ಗ ಕಟ್ಟಿ ಕೆಡವಿ ಬೀದಿಯಲ್ಲಿ ಎಳೆದಾಡಿತು. ಬಿಲ್ಲಾಳುಗಳು ಬಂದರು, ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಮುಗಿದಿತ್ತು. ರಾಜಪ್ರತಿಮೆಗೆ ಮಾಡಿದ ಅವಮಾನ ರಾಜದ್ರೋಹವಾದುದರಿಂದ, ಅಧಿಕಾರಿಗಳು ಕೈಗೆ ಸಿಕ್ಕವರನ್ನು ಕತ್ತಿಗೂ ಬೆಂಕಿಗೂ ಮೃಗಗಳಿಗೂ ಒಪ್ಪಿಸಿದರು, ಅವರಲ್ಲಿ ಎಳೆಯ ಹುಡುಗರೂ ಇದ್ದರು. ಚಕ್ರವರ್ತಿ ಊರನ್ನೇ ನೆಲಸಮ ಮಾಡಿಸುವನೆಂಬ ಸುದ್ದಿ ಹಬ್ಬಿ ಜನ ಬೆಟ್ಟಗಾಡುಗಳಿಗೆ ಓಡತೊಡಗಿದರು.

ಫ್ಲಾವಿಯಾನನು ಮುಪ್ಪಿನವನು, ಅವನ ಒಬ್ಬಳೇ ತಂಗಿ ಮರಣಶಯ್ಯೆಯಲ್ಲಿದ್ದಳು, ಕಾಲ ಚಳಿಗಾಲ, ಹಬ್ಬದ ದಿನ ಮಂದೆಯೊಡನಿರಬೇಕಾದುದು ಧರ್ಮಾಧ್ಯಕ್ಷನ ಕರ್ತವ್ಯ. ಇವೆಲ್ಲವನ್ನೂ ಬದಿಗಿಟ್ಟು ಅವನು ಸಾವಿರ ಕಿಲೋಮೀಟರಿಗೂ ಮಿಕ್ಕ ದೂರದ ಕಾನ್‌ಸ್ಟಾಂಟಿನೋಪಲಿಗೆ ಹೊರಟನು, ಊರಿನ ಪರವಾಗಿ ಕ್ಷಮೆ ಬೇಡಲು. ಯೊಹಾನನು ಏಳು ದಿನ ಮೌನವಾಗಿದ್ದು, ಧರ್ಮಗ್ರಂಥದ ಯೋಬನ ಮಿತ್ರರು ಅವನ ದುಃಖದ ಮುಂದೆ ಏಳು ದಿನ ಸುಮ್ಮನೆ ಕುಳಿತುದನ್ನು ನೆನೆದು, ಆಮೇಲೆ ಬಾಯಿತೆರೆದನು. ಆ ತಪಸ್ಸುಕಾಲದಲ್ಲಿ ಅವನು ಮಾಡಿದ ‘ಪ್ರತಿಮೆಗಳ ಪ್ರಸಂಗ’ದ 21 ಉಪನ್ಯಾಸಗಳು ಉಳಿದುಬಂದಿವೆ. ಪೇಟೆಯ ಚೌಕ ಬರಿದಾಗಿತ್ತು, ದೇವಾಲಯ ತುಂಬಿತ್ತು.

ಭಯಗೊಂಡ ಜನಕ್ಕೆ ಇನ್ನೂ ಕಠಿಣವಾದ ಉಪವಾಸವನ್ನು ವಿಧಿಸುವುದು ಯಾವ ಉಪದೇಶಕನಿಗಾದರೂ ಸುಲಭವಾಗಿತ್ತು. ಇವನು ಮಾಡಿದುದು ಬೇರೆ. ಬಾಯಿ ಮಾತ್ರ ಉಪವಾಸವಿದ್ದರೆ ಸಾಲದು, ಕಣ್ಣು ಕಿವಿ ಕೈಕಾಲುಗಳೂ ಇರಬೇಕು ಎಂದನು. ಕೋಳಿಯನ್ನೂ ಮೀನನ್ನೂ ಬಿಟ್ಟು ಒಡಹುಟ್ಟಿದವನನ್ನು ನಾಲಗೆಯಿಂದ ಕಚ್ಚಿ ತಿನ್ನುವವನ ವ್ರತವೇನು ವ್ರತ ಎಂದು ಕೇಳಿದನು. ನೀನು ಉಪವಾಸಿಯೆಂಬುದಕ್ಕೆ ಬಡವನಿಗೆ ಮರುಗಿದುದನ್ನೂ ಹಗೆಯೊಡನೆ ಕೂಡಿಕೊಂಡುದನ್ನೂ ಸಾಕ್ಷಿಯಾಗಿ ತೋರಿಸು ಎಂದನು. ದೇಹದೌರ್ಬಲ್ಯದಿಂದ ಉಂಡುಬಿಟ್ಟವರು ನಾಚಿ ಸಂಜೆಯ ಉಪನ್ಯಾಸಕ್ಕೆ ಬಾರದೆ ಉಳಿಯುತ್ತಿದ್ದರು. ಉಂಡು ಬರುವುದು ತಪ್ಪಲ್ಲ, ಉಂಡೆನೆಂದು ಬಾರದಿರುವುದೇ ತಪ್ಪು ಎಂದು ಅವರನ್ನು ಒಳಗೆ ಕರೆದನು. ಇಡಿಯ ತಪಸ್ಸುಕಾಲದಲ್ಲಿ ಅವನು ಊರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಒತ್ತಿ ಹೇಳಿದ ನಿಯಮವೆಂದರೆ ಆಣೆಯಿಡುವ ಚಾಳಿಯನ್ನು ಬಿಡುವುದು. ಮಾರುವವನು ಇಷ್ಟಕ್ಕೆ ಕಡಮೆ ಕೊಡೆನೆಂದು, ಕೊಳ್ಳುವವನು ಇಷ್ಟಕ್ಕೆ ಹೆಚ್ಚು ಕೊಡೆನೆಂದು ಆಣೆಯಿಡುವುದು. ಮನೆಯಲ್ಲಿ ಯಜಮಾನ ಆಳಿಗೆ ಹೊಡೆದೇ ತೀರುವೆನೆಂದರೆ ಯಜಮಾನಿ ಹೊಡೆಯಗೊಡೆನೆಂದು ಎದುರು ಆಣೆಯಿಡುವುದು, ಇಬ್ಬರಲ್ಲಿ ಒಬ್ಬರದು ಸುಳ್ಳಾಗಲೇಬೇಕಾಗಿ ಬರುವುದು. ಸಾಮ್ರಾಜ್ಯದ ಕೋಪ ತಲೆಯ ಮೇಲೆ ತೂಗುತ್ತಿರುವಾಗ ಇಂಥ ಸಣ್ಣ ಮಾತೇ ಎಂದು ಕೇಳುಗರು ಬೇಸತ್ತರು, ಅವನು ಮಾತ್ರ ಬಿಡಲಿಲ್ಲ. ನನಗೆ ಇದರಲ್ಲಿ ಒಬ್ಬ ನುರಿತ ಪಾಲಕನ ಜಾಣ್ಮೆ ಕಾಣುತ್ತದೆ. ದೊಡ್ಡ ಭಯದಲ್ಲಿ ಬಿದ್ದವನಿಗೆ ತನ್ನ ಅಂಗಡಿಯಲ್ಲಿ, ತನ್ನ ಅಡಿಗೆಯ ಮನೆಯಲ್ಲಿ, ಈ ಹೊತ್ತೇ ಮಾಡಬಹುದಾದ ಕೆಲಸವೊಂದು ಬೇಕು.

ಇಷ್ಟರಲ್ಲಿ ರಾಜಧಾನಿಯಿಂದ ಎಲ್ಲೆಬಿಕಸ್, ಸೆಸಾರಿಯಸ್ ಎಂಬ ಇಬ್ಬರು ವಿಚಾರಣಾಧಿಕಾರಿಗಳು ಬಂದು, ನಾಟಕಶಾಲೆ ಕುದುರೆಜೂಜಿನ ಮೈದಾನ ಸ್ನಾನಗೃಹಗಳನ್ನು ಮುಚ್ಚಿಸಿ, ಊರಿನ ಮಹಾನಗರಪದವಿಯನ್ನು ಕಿತ್ತು ನೆರೆಯ ಲವೊದಿಕೀಯಕ್ಕೆ ಕೊಟ್ಟು, ನಗರಸಭೆಯವರನ್ನು ಸಂಕೋಲೆಯಲ್ಲಿಟ್ಟರು. ನ್ಯಾಯಸ್ಥಾನದ ಬಾಗಿಲಲ್ಲಿ ಆರೋಪಿಯೊಬ್ಬನ ತಾಯಿಯೂ ಅಕ್ಕತಂಗಿಯೊಬ್ಬಳೂ ಮುಸುಕು ಹಾಕಿಕೊಂಡು ನೆಲದ ಮೇಲೆ ಬಿದ್ದು, ಒಳಗಿನಿಂದ ಬರುವ ಪೆಟ್ಟಿನ ಸದ್ದಿಗೆಲ್ಲ ನರಳುತ್ತಿದ್ದುದನ್ನು ಯೊಹಾನನು ತಾನೇ ನಿಂತು ನೋಡಿ ವರ್ಣಿಸಿದ್ದಾನೆ. ಆಗ ಬೆಟ್ಟದಿಂದ ಸನ್ಯಾಸಿಗಳು ಗುಂಪುಗುಂಪಾಗಿ ಇಳಿದುಬಂದರು. ಅವರಲ್ಲೊಬ್ಬ ಮಕೆದೋನಿಯಸ್, ಬಾರ್ಲಿಯನ್ನಷ್ಟೇ ತಿಂದು ಬದುಕುವವನೆಂದು ಹೆಸರಾದವನು. ಓದುಬರಹ ಅರಿಯದವನು, ಗ್ರೀಕ್ ನುಡಿಯೂ ಬಾರದು. ಥಿಯೊಡೊರೆಟನ ಇತಿಹಾಸದ ಪ್ರಕಾರ, ಈ ಮುದುಕನು ಪೇಟೆಯ ನಡುವೆ ಕುದುರೆಯೇರಿ ಬರುತ್ತಿದ್ದ ಅಧಿಕಾರಿಯ ಉಡುಗೆಯನ್ನು ಹಿಡಿದೆಳೆದು ಇಬ್ಬರಿಗೂ ಇಳಿಯಿರಿ ಎಂದನು. ಚಿಂದಿಯುಟ್ಟ ಇವನಾರೆಂದು ಮೊದಲು ಸಿಟ್ಟಾದ ಅವರು, ಬಳಿಕ ಆಳು ಯಾರೆಂದು ತಿಳಿದು ಇಳಿದು ಅವನ ಕಾಲು ಮುಟ್ಟಿದರು. ಅವನು ಸಿರಿಯಾಕ್ ನುಡಿಯಲ್ಲಿ ಆಡಿದ ಮಾತನ್ನು ಒಬ್ಬನು ಗ್ರೀಕಿಗೆ ತಂದನು. ಅರಸನು ಅರಸನಷ್ಟೇ ಅಲ್ಲ, ಮನುಷ್ಯನೂ ಹೌದೆಂದು ಅವನಿಗೆ ತಿಳಿಸಿರಿ. ಬಿದ್ದ ಕಂಚಿನ ಬೊಂಬೆಗೆ ಬದಲು ನಾವು ಎಷ್ಟು ಬೊಂಬೆಗಳನ್ನಾದರೂ ಎರಕ ಹೊಯ್ಯಬಲ್ಲೆವು, ಆದರೆ ಕೊಂದ ಮನುಷ್ಯ ದೇವರ ಪ್ರತಿಮೆ, ಅವನ ತಲೆಯ ಒಂದು ಕೂದಲನ್ನೂ ಅರಸನು ಮರಳಿ ಮಾಡಲಾರ ಎಂಬುದು ಅದರ ತಾತ್ಪರ್ಯ. ತಪಸ್ಸುಕಾಲದ ಉಪನ್ಯಾಸಗಳೆಲ್ಲ ಹೇಳಬೇಕೆಂದುದನ್ನು ಬಾರ್ಲಿ ತಿನ್ನುವ ನಿರಕ್ಷರಿ ಬೀದಿಯಲ್ಲಿ ನಿಂತು ಹೇಳಿಬಿಟ್ಟನು.

ಸೆಸಾರಿಯಸನು ವರದಿಯೊಡನೆ ರಾಜಧಾನಿಗೆ ಧಾವಿಸಿದನು. ಫ್ಲಾವಿಯಾನನು ಅಲ್ಲಿ ಚಕ್ರವರ್ತಿಯ ಮುಂದೆ ನಿಂತು ಅತ್ತನು. ಕ್ಷಮೆ ದೊರೆಯಿತು, ಪದವಿ ಮರಳಿತು. ಏಪ್ರಿಲ್ 25ರಂದು ಬಂದ ಪುನರುತ್ಥಾನದ ಹಬ್ಬಕ್ಕೆ ಧರ್ಮಾಧ್ಯಕ್ಷನು ಊರಿನಲ್ಲಿದ್ದನು; ಚೌಕಕ್ಕೆ ಹೂಮಾಲೆ ಕಟ್ಟಿ, ದೀಪ ಹಚ್ಚಿ, ಅಂಗಡಿಗಳ ಮುಂದೆ ಎಲೆಹಾಸು ಹಾಸಿ ಜನ ಸಂಭ್ರಮಿಸಿದರು. ಈ ಕ್ಷಮೆಯ ಕೀರ್ತಿ ಯಾರಿಗೆ ಸಲ್ಲಬೇಕೆಂಬ ವಿಷಯದಲ್ಲಿ ಗುರುಶಿಷ್ಯರ ಸಾಕ್ಷ್ಯ ಒಂದಾಗಿಲ್ಲ: ಲಿಬಾನಿಯಸನು ಅಧಿಕಾರಿಗಳಿಬ್ಬರನ್ನೂ ಹೊಗಳಿ ಒಂದೊಂದು ಭಾಷಣವನ್ನೇ ಬರೆದನು, ಯೊಹಾನನಾದರೋ ಎಲ್ಲವನ್ನೂ ತನ್ನ ಧರ್ಮಾಧ್ಯಕ್ಷನ ಕಣ್ಣೀರಿಗೂ ಸನ್ಯಾಸಿಗಳಿಗೂ ಒಪ್ಪಿಸಿದನು. ಇಬ್ಬರ ಮಾತಿನಲ್ಲಿಯೂ ಒಂದು ಪಾಲು ಸತ್ಯವಿರಬೇಕು. ಕ್ಷಮೆ ಬರುವ ಮೊದಲೇ ಸತ್ತ ಹುಡುಗರಿಗೆ ಇಬ್ಬರ ವಾಗ್ಮಿತೆಯೂ ಉಪಯೋಗಕ್ಕೆ ಬರಲಿಲ್ಲವೆಂಬುದನ್ನೂ ಮರೆಯಲಾಗದು.

ಊರು ಉಳಿದ ಬಳಿಕವೂ ಯೊಹಾನನು ಬಡವನ ಮಾತನ್ನು ಬಿಡಲಿಲ್ಲ. ಹಸಿದವನಿಗೆ ಉಣಬಡಿಸಿದುದು, ಬತ್ತಲೆಯವನಿಗೆ ಉಡಿಸಿದುದು, ಸೆರೆಯವನನ್ನು ಕಂಡುಬಂದುದು ತನಗೇ ಮಾಡಿದುದೆಂದು ಕ್ರಿಸ್ತನು ಹೇಳಿದ ಮತ್ತಾಯನ 25ನೆಯ ಅಧ್ಯಾಯವೇ ಅವನ ನಿತ್ಯದ ಆಧಾರ. ಅದನ್ನು ಅವನು ಅಲಂಕಾರವೆಂದು ತಿಳಿಯದೆ ಅಕ್ಷರಶಃ ತೆಗೆದುಕೊಂಡನು. ದೇವಾಲಯದ ಒಳಗೆ ಕ್ರಿಸ್ತನಿಗೆ ರೇಷ್ಮೆ ಹೊದಿಸಿ ಹೊರಗೆ ಚಳಿಯಲ್ಲಿ ನಡುಗುವ ಅದೇ ಕ್ರಿಸ್ತನನ್ನು ಕಡೆಗಣಿಸುವುದು ಯಾವ ಪೂಜೆ ಎಂದು ಕೇಳಿದನು. ಒಳಗಿರುವ ಕಲ್ಲಿನ ಬಲಿಪೀಠಕ್ಕಿಂತ ಪೂಜ್ಯವಾದ ಬಲಿಪೀಠ ಬಡವನ ದೇಹ, ಅದು ಓಣಿಗಳಲ್ಲಿಯೂ ಸಂತೆಯಲ್ಲಿಯೂ ಬಿದ್ದಿದೆ, ಯಾವ ಹೊತ್ತಿನಲ್ಲಾದರೂ ಅಲ್ಲಿ ನೈವೇದ್ಯವನ್ನು ಅರ್ಪಿಸಬಹುದು ಎಂಬುದು ಅವನ ಇನ್ನೊಂದು ಉಪನ್ಯಾಸದ ಭಾವ. ಉಪಾಯಗಳನ್ನೂ ಹೇಳಿಕೊಟ್ಟನು: ಪ್ರಾರ್ಥನೆಗೆ ನಿಲ್ಲುವ ಜಾಗದ ಬಳಿ ಬಡವರ ಹೆಸರಿನ ಒಂದು ಪುಟ್ಟ ಪೆಟ್ಟಿಗೆಯಿರಲಿ, ಪ್ರಾರ್ಥನೆಗೆ ಮೊದಲು ಅದರಲ್ಲಿ ಏನಾದರೂ ಹಾಕಿರಿ, ಮನೆಯಲ್ಲಿ ಒಂದು ಕೋಣೆ, ಒಂದು ಮಂಚ, ಒಂದು ಮೇಜು, ಒಂದು ದೀಪ ಬರುವ ಬಡವನಿಗಾಗಿ ಮೀಸಲಿರಲಿ, ಅದು ಕ್ರಿಸ್ತನ ಕೋಣೆ. ಅವನ ಕಾಲದವರು ಎಷ್ಟು ಮಂದಿ ಈ ಕೋಣೆಯನ್ನು ತೆರೆದರೆಂಬುದು ಬೇರೆ ಮಾತು; ಪದೇ ಪದೇ ಹೇಳಬೇಕಾಗಿ ಬಂದುದೇ ಹೆಚ್ಚು ಮಂದಿ ತೆರೆಯಲಿಲ್ಲವೆಂಬುದಕ್ಕೆ ಗುರುತು.

ಮುಂದಿನ ಸಾವಿರ ವರ್ಷಗಳ ನಿಯಮಗಳನ್ನು ಬೇಗನೆ ದಾಟಿಬಿಡಬಹುದು. ಸಂಜೆಯಲ್ಲಿದ್ದ ಒಂದೂಟವು ಮಧ್ಯಾಹ್ನ ಮೂರು ಗಂಟೆಗೆ, ಅಲ್ಲಿಂದ ನಡುಹಗಲಿಗೆ ಸರಿಯಿತು. ಮಾಂಸ ಹಾಲು ಬೆಣ್ಣೆ ಮೊಟ್ಟೆಗಳ ನಿಷೇಧ ಬಿಗಿಯಾದಷ್ಟೂ ಅದಕ್ಕೆ ವಿನಾಯಿತಿ ಕೊಡುವ ವ್ಯಾಪಾರವೂ ಬೆಳೆಯಿತು. ಫ್ರಾನ್ಸಿನ ರೂಆನ್ ನಗರದ ಮಹಾದೇವಾಲಯದಲ್ಲಿ ಹದಿನೈದನೆಯ ಶತಮಾನದ ಕೊನೆಯಲ್ಲಿ ಏಳತೊಡಗಿದ ಗೋಪುರಕ್ಕೆ ಬೆಣ್ಣೆಯ ಗೋಪುರವೆಂದೇ ಹೆಸರು. ವ್ರತದ ದಿನಗಳಲ್ಲಿ ಬೆಣ್ಣೆ ತಿನ್ನಲು ಅನುಮತಿ ಪಡೆದವರ ಕಾಣಿಕೆಯಿಂದ ಅದು ಎದ್ದಿತೆಂದು ಹೇಳುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ನಮ್ಮ ಗಾದೆ ಅಲ್ಲಿಗೂ ಸಲ್ಲುತ್ತದೆ. ಗೋಪುರ ಸುಂದರವಾಗಿದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಹರ್ಮಾಸನ ಲೆಕ್ಕದ ಪ್ರಕಾರ ಆ ಹಣ ಹೋಗಬೇಕಾದ ಮನೆ ಬೇರೆ. 1520ರಲ್ಲಿ ಮತಸುಧಾರಕ ಲೂಥರನು ಈ ಬೆಣ್ಣೆಯ ಪತ್ರಗಳನ್ನು ಹೀನಾಯವಾಗಿ ಜರೆದುದರಲ್ಲಿ ಆಶ್ಚರ್ಯವಿಲ್ಲ.

ಇದೇ ಕಾಲದ ಇನ್ನೊಂದು ಪದ್ಧತಿ ಮಾತ್ರ ನಿಂತು ನೋಡತಕ್ಕದ್ದಾಗಿದೆ. ಸುಮಾರು 1000ದ ಇಸವಿಯಿಂದ ಜರ್ಮನ್ ನಾಡುಗಳಲ್ಲಿ ತಪಸ್ಸುಕಾಲ ಬಂದೊಡನೆ ಬಲಿಪೀಠ ಕಾಣದಂತೆ ದೊಡ್ಡದೊಂದು ಬಟ್ಟೆಯನ್ನು ಇಳಿಬಿಡುತ್ತಿದ್ದರು. ಹಸಿವಿನ ಬಟ್ಟೆಯೆಂದು ಅದರ ಹೆಸರು. ಹೊಟ್ಟೆಯೊಡನೆ ಕಣ್ಣೂ ಉಪವಾಸವಿರಲೆಂಬುದು ಅದರ ಅಭಿಪ್ರಾಯ. ಮೊದಮೊದಲು ಸಾದಾ ಬಟ್ಟೆಯಾಗಿದ್ದುದರ ಮೇಲೆ ಆಮೇಲೆ ಓದುಬಾರದ ಜನಕ್ಕಾಗಿ ಧರ್ಮಗ್ರಂಥದ ಕಥೆಗಳನ್ನು ಬರೆಯತೊಡಗಿದರು. ಜಿಟ್ಟಾವ್ ಎಂಬ ಊರಿಗೆ ಧಾನ್ಯದ ಮತ್ತು ಸಂಬಾರದ ವ್ಯಾಪಾರಿ ಯಾಕೋಬ್ ಗ್ಯುರ್ಟ್ಲರನು 1472ರಲ್ಲಿ ಕೊಟ್ಟ ಬಟ್ಟೆ 8 ಮೀಟರಿಗೂ ಹೆಚ್ಚು ಎತ್ತರದ್ದು, ಅದರಲ್ಲಿ 90 ಚಿತ್ರಗಳು; ಊರು ಲೂಥರನ ಪಂಥಕ್ಕೆ ಸೇರಿದ ಮೇಲೂ 1672ರವರೆಗೆ ಅದನ್ನು ಕಟ್ಟುತ್ತಿದ್ದರು. 1945ರಲ್ಲಿ ಸೋವಿಯತ್ ಸೈನಿಕರು ಅದನ್ನು ನಾಲ್ಕು ತುಂಡು ಮಾಡಿ ಕಾಡಿನಲ್ಲಿ ತಮ್ಮ ಬಿಸಿಯಾವಿ ಸ್ನಾನದ ಗುಡಿಸಲಿಗೆ ಮರೆಯಾಗಿ ಕಟ್ಟಿಕೊಂಡಿದ್ದರು. ಈಗ ಅದು ದುರಸ್ತಿಯಾಗಿ ಅದೇ ಊರಿನಲ್ಲಿದೆ. ಒಳಗಿನ ಬಲಿಪೀಠವನ್ನು ಮರೆಮಾಡಿದ ಮೇಲೆ ಯೊಹಾನನು ಹೇಳಿದ ಹೊರಗಿನ ಬಲಿಪೀಠದತ್ತ ಕಣ್ಣು ಹೋಗಬೇಕೆಂಬ ಅರ್ಥವನ್ನು ಆ ಕಾಲದ ಯಾರಾದರೂ ಮಾಡಿದ್ದರೋ ತಿಳಿಯದು. ನಾನಂತೂ ಆ ಬಟ್ಟೆಗೆ ಆ ಅರ್ಥವನ್ನು ಕೊಡದೆ ಇರಲಾರೆ.

ಯುದ್ಧಾನಂತರದ ಜರ್ಮನಿಯಲ್ಲಿ ಹೊಟ್ಟೆ ತುಂಬತೊಡಗಿದ ಕಾಲಕ್ಕೆ, 1958ರಲ್ಲಿ, ಕಲೋನಿನ ಕಾರ್ಡಿನಲ್ ಯೋಸೆಫ್ ಫ್ರಿಂಗ್ಸ್ ಧರ್ಮಾಧ್ಯಕ್ಷರ ಸಭೆಯಲ್ಲಿ ಮಾತನಾಡಿ, ಲೋಕದ ಹಸಿವು ರೋಗಗಳ ನಿವಾರಣೆಗಾಗಿ ತಪಸ್ಸುಕಾಲದಲ್ಲಿ ಧನಸಂಗ್ರಹ ಮಾಡುವ ಮಿಸೆರಿಯೋರ್ ಎಂಬ ಸಂಸ್ಥೆಗೆ ಕಾರಣರಾದರು. 1966ರಲ್ಲಿ ಆರನೆಯ ಪೌಲ್ ಪೋಪರು ಕಡ್ಡಾಯ ಉಪವಾಸವನ್ನು ಬೂದಿ ಬುಧವಾರ, ಶುಭ ಶುಕ್ರವಾರ ಎಂಬ ಎರಡು ದಿನಗಳಿಗೆ ಇಳಿಸಿದ ಬಳಿಕ ವ್ರತದ ಭಾರವೆಲ್ಲ ಇಂಥ ದಾನದ ಮೇಲೆಯೇ ಬಿದ್ದಿತೆನ್ನಬಹುದು. ಇದೇ ಸಂಸ್ಥೆಯು 1976ರಲ್ಲಿ, ಬಹುಮಟ್ಟಿಗೆ ಮರೆತುಹೋಗಿದ್ದ ಹಸಿವಿನ ಬಟ್ಟೆಯನ್ನು ಮತ್ತೆ ಬಳಕೆಗೆ ತಂದಿತು. ಆ ಮೊದಲ ಬಟ್ಟೆಯ ಚಿತ್ರವನ್ನು ಬರೆದವರು ಜ್ಯೋತಿ ಸಾಹಿ, ಬೆಂಗಳೂರಿನ ಹೊರವಲಯದ ಸಿಲ್ವೆಪುರದಲ್ಲಿ ನೆಲಸಿ ಭಾರತದ ಸಂಕೇತಗಳಲ್ಲಿ ಕ್ರಿಸ್ತನ ಕಥೆಯನ್ನು ಚಿತ್ರಿಸಿದ ಕಲಾವಿದರು. 1978ರಲ್ಲಿ ಇಥಿಯೋಪಿಯದ ಅಲೆಮಾಯೆಹು ಬಿಜುನೆ, 1982ರಲ್ಲಿ ಹೈತಿಯ ಜಾಕ್ ಶೆರಿ ಬರೆದ ಬಟ್ಟೆಗಳು ಬಂದವು. ಜರ್ಮನಿಯ ಊಟದಿಂದ ಉಳಿದ ಹಣ ಯಾವ ನಾಡುಗಳಿಗೆ ಹೋಗುತ್ತಿತ್ತೋ ಆ ನಾಡುಗಳವರೇ, ಕೊಡುವವರು ನಲವತ್ತು ದಿನ ಕಣ್ಣೆದುರಿಗೆ ಇರಿಸಿಕೊಳ್ಳಬೇಕಾದುದನ್ನು ಬರೆದು ಕಳುಹಿಸುವ ಕ್ರಮ ಅಂದಿನಿಂದ ಮೊದಲಾಯಿತು.